ಕರುಣಾಳು ಬಾ ಬೆಳಕೆ: ಇಂಗ್ಲಿಷ್ ಮೂಲದ ಟ್ಯೂನ್ ಯಾರದು? ಕನ್ನಡಕ್ಕೆ ಕೂರುತ್ತದಾ?

ಪ್ರಶ್ನೆ: ತುರುವೇಕೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬೆಳಗಿನ ಪ್ರಾರ್ಥನೆಯೂ ನನ್ನ ತಲೆಗೇ ಬಂದಿದೆ, ಯಾಕಂದ್ರೆ ಇಡೀ ಸ್ಟಾಫ್ ರೂಮಿನಲ್ಲಿ ಶ್ರುತಿಪೆಟ್ಟಿಗೆ ಇರುವುದು ನನ್ನೊಬ್ಬಳ ಹತ್ತಿರ.

ಈ ಸಲ ಗಾಂಧಿ ಜಯಂತಿಗೆ 'ಲೀಡ್ ಕೈಂಡ್ಲಿ ಲೈಟ್' ಹಾಡಿಸಬೇಕು ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಇಂಗ್ಲಿಷಿನ ಒಂದು ಚರಣ, ಬಿ.ಎಂ.ಶ್ರೀ. ಅವರ 'ಕರುಣಾಳು ಬಾ ಬೆಳಕೆ'ಯ ಒಂದು ಚರಣ, ಹೀಗೆ ಒಂದಾದ ಮೇಲೊಂದು, ಎರಡೂ 'ಒರಿಜಿನಲ್ ಟ್ಯೂನ್'ನಲ್ಲೇ ಬರಬೇಕಂತೆ. ಬಿ.ಎಂ.ಶ್ರೀ. ಹುಟ್ಟಿದ ಸಂಪಿಗೆ ನಮ್ಮ ಜಿಲ್ಲೆಯದೇ ಊರು. ಹಾಗಾಗಿ ಕನ್ನಡ ಬಿಡುವ ಹಾಗಿಲ್ಲ, ಬಿಡುವ ಮನಸ್ಸೂ ನನಗಿಲ್ಲ.

ಯೂಟ್ಯೂಬ್ ನೋಡಿದರೆ ತಲೆ ಕೆಟ್ಟುಹೋಯಿತು. ಒಬ್ಬೊಬ್ಬರು ಒಂದೊಂದು ಥರ ಹಾಡುತ್ತಾರೆ. ಇಂಗ್ಲಿಷಿನಲ್ಲೇ ಮೂರು ಬೇರೆ ಬೇರೆ ಟ್ಯೂನ್ ಸಿಕ್ಕವು. ಒಂದರಲ್ಲಿ ಕ್ವಾಯರ್, ಇನ್ನೊಂದರಲ್ಲಿ ಬರೀ ಆರ್ಗನ್. ಇವುಗಳಲ್ಲಿ ಒರಿಜಿನಲ್ ಯಾವುದು? ಮಾಡಿದವರು ಯಾರು? ನಮ್ಮ ಕನ್ನಡದ ಸಾಲು ಆ ಟ್ಯೂನಿಗೆ ಕೂರುತ್ತದಾ? ನಾನು ಹಾಡಿ ನೋಡಿದೆ, 'ಕೈಹಿಡಿದು ನಡೆಸೆನ್ನನು' ಅನ್ನುವಲ್ಲಿ ರೈಲು ಹತ್ತಲು ಓಡಿದ ಹಾಗಾಗುತ್ತದೆ.

ಉತ್ತರ: ಖಂಡಛಾಪು, ಮೈಸೂರು

ಮೇಡಂ, ಓಡಲೇಬೇಕು, ಬೇರೆ ದಾರಿ ಇಲ್ಲ! ಲೆಕ್ಕ ಹಾಕಿ ನೋಡಿ.

ಕರುಣಾಳು | ಬಾ ಬೆಳಕೆ | ಮುಸುಕಿದೀ | ಮಬ್ಬಿನಲಿ. ಒಂದೊಂದು ತುಂಡಿಗೂ ಐದು ಮಾತ್ರೆ. ನಾಲ್ಕೈದ್ಲಿ 20. ಮೂರನೇ ಸಾಲು ತೊಗೊಳ್ಳಿ, 'ಇರುಳು ಕತ್ತಲೆಯ ಗವಿ, ಮನೆ ದೂರ, ಕನಿಕರಿಸಿ'. ಅದೂ ಸರಿಯಾಗಿ 20. ಪಕ್ಕಾ ಪಂಚಮಾತ್ರೆಯ ನಡೆ. ಖಂಡಛಾಪು ತಾಳ ಹಾಕಿದರೆ ತಾನಾಗಿ ನಡೆಯುತ್ತದೆ, ಮಕ್ಕಳು ತೊಡೆ ತಟ್ಟಿಕೊಂಡೇ ಕಲಿಯುತ್ತಾರೆ.

ಇಂಗ್ಲಿಷಿನ ಉದ್ದ ಸಾಲಿನಲ್ಲಿ ಇರುವುದು 10 ಅಕ್ಷರ. ನಮ್ಮ ಮೊದಲ ಸಾಲಿನಲ್ಲಿ 16, ಮೂರನೆಯದರಲ್ಲಿ 18. ಗಿಡ್ಡ ಸಾಲಂತೂ ಕೇಳಲೇಬೇಡಿ. 'ಲೀಡ್ ದೌ ಮಿ ಆನ್' ಅಂದರೆ ನಾಲ್ಕೇ ಅಕ್ಷರ, 'ಕೈಹಿಡಿದು ನಡೆಸೆನ್ನನು' ಅಂದರೆ ಒಂಬತ್ತು. ನಾಲ್ಕು ಸ್ವರದೊಳಗೆ ಒಂಬತ್ತು ಅಕ್ಷರ ತುರುಕಿದರೆ ಪ್ರಾರ್ಥನೆ ಅಲ್ಲ, ಮಗ್ಗಿ ಒಪ್ಪಿಸಿದ ಹಾಗಿರುತ್ತದೆ.

ಬಿ.ಎಂ.ಶ್ರೀ. ಅವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು ಅವರು. 1926ರ 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿ ಎಷ್ಟೊಂದು ಹೊಸ ಛಂದಸ್ಸು ಪಳಗಿಸಿದ್ದಾರೆ ನೋಡಿ. ಇಲ್ಲಿ ಅವರು ಕಟ್ಟಿದ್ದು ಕನ್ನಡದ ಕಿವಿಗೆ. ಅದನ್ನು ಇಂಗ್ಲಿಷ್ ಟ್ಯೂನಿಗೆ ಮತ್ತೆ ವಾಪಸ್ ಕಳಿಸುವುದು ಯಾಕೆ? ಹೆಡ್‌ಮಾಸ್ಟರಿಗೆ ಹೇಳಿಬಿಡಿ, ಕನ್ನಡಕ್ಕೆ ಕನ್ನಡದ ರಾಗವೇ ಸರಿ ಅಂತ.

ಇಂಗ್ಲಿಷ್ ಟ್ಯೂನ್ ಬಗ್ಗೆ ನನ್ನ ಹತ್ತಿರ ಹೇಳುವಂಥದ್ದೇನಿಲ್ಲ. ಚರ್ಚ್ ಸಂಗೀತ ಬಲ್ಲವರು ಯಾರಾದರೂ ಬನ್ನಿ.

ಉತ್ತರ: ಹಳೇ ಪೆಡಲ್ ಹಾರ್ಮೋನಿಯಂ, ಮಂಗಳೂರು

ಬಂದೆ ಮಾರಾಯ್ರೆ. ನಲವತ್ತು ಚಿಲ್ಲರೆ ವರ್ಷ ಭಾನುವಾರದ ಆರಾಧನೆಗೆ ಹಾರ್ಮೋನಿಯಂ ಬಾರಿಸಿದ ಕಾಲು ಇದು, ಈಗ ಮೆಟ್ಟಿಲು ಹತ್ತಲಿಕ್ಕೇ ತಕರಾರು ಮಾಡ್ತದೆ. ಆದರೆ ಈ ವಿಷಯ ಅಂದ್ರೆ ನನಗೆ ಸುಮ್ನೆ ಕೂರ್ಲಿಕ್ಕೆ ಆಗುವುದಿಲ್ಲ. ಸ್ವಲ್ಪ ಉದ್ದವಾಗ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಒಂದು ಮಾತು. ಈ ಹಾಡಿಗೆ 'ಒರಿಜಿನಲ್ ಟ್ಯೂನ್' ಅಂತ ಒಂದು ಇಲ್ಲವೇ ಇಲ್ಲ. ಬರೆದವರು ಇದನ್ನು ಹಾಡು ಅಂತ ಬರೆದೇ ಇರಲಿಲ್ಲ.

ಬರೆದದ್ದು ಜಾನ್ ಹೆನ್ರಿ ನ್ಯೂಮನ್, 1833ರ ಜೂನ್ 16ರಂದು. ಆಗ ಅವರಿಗೆ 32 ವರ್ಷ, ಆಕ್ಸ್‌ಫರ್ಡಿನ ಆಂಗ್ಲಿಕನ್ ಪಾದ್ರಿ, ಅಂದ್ರೆ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಚರ್ಚಿನವರು. ಸಿಸಿಲಿಗೆ ಪ್ರವಾಸ ಹೋದವರು ಅಲ್ಲಿ ಜ್ವರ ಬಂದು ಸಾಯುವಂತಾಗಿದ್ದರು. ಜೊತೆಗಿದ್ದದ್ದು ಒಬ್ಬ ಕೆಲಸದವನು ಮಾತ್ರ. ಚೇತರಿಸಿಕೊಂಡ ಮೇಲೂ ಹಾಸಿಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರಂತೆ. ಏನಾಯ್ತು ಅಂತ ಆತ ಕೇಳಿದರೆ, ಇಂಗ್ಲೆಂಡಿನಲ್ಲಿ ನನಗೊಂದು ಕೆಲಸ ಇದೆ ಅಂತಷ್ಟೇ ಹೇಳಿದರು. ಯಾವ ಕೆಲಸ ಅಂತ ಅವರಿಗೂ ಆಗ ಸ್ಪಷ್ಟವಿರಲಿಲ್ಲ. ಊರಿಗೆ ಹೋಗಲು ಹಡಗು ಬೇಕಲ್ಲ? ಸಿಸಿಲಿಯ ಪಲೆರ್ಮೊ ಬಂದರಿನಲ್ಲಿ ವಾರಗಟ್ಟಲೆ ಕಾದ ಮೇಲೆ ಸಿಕ್ಕಿದ್ದು ಫ್ರಾನ್ಸಿನ ಮಾರ್ಸೇಲ್ಸಿಗೆ ಕಿತ್ತಳೆ ಹಣ್ಣು ಹೊತ್ತು ಹೊರಟ ಒಂದು ಹಾಯಿ ಹಡಗು. ಅದೂ ಕಾರ್ಸಿಕ, ಸಾರ್ಡಿನಿಯ ದ್ವೀಪಗಳ ನಡುವಿನ ಬೊನಿಫಾಚೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಒಂದು ವಾರ ನಿಂತಲ್ಲೇ ನಿಂತಿತು. ಆ ಪ್ರಯಾಣದಲ್ಲಿ ಹುಟ್ಟಿದ್ದು ಈ ಪದ್ಯ. 'ಮನೆ ದೂರ' ಅನ್ನುವುದು ಬರೀ ಕವಿಸಮಯ ಅಲ್ಲ ನೋಡಿ, ಮನೆ ನಿಜವಾಗಿಯೂ ದೂರ ಇತ್ತು.

ಪದ್ಯಕ್ಕೆ ಅವರು ಇಟ್ಟ ಹೆಸರು 'ಮೇಘಸ್ತಂಭ'. ಇಸ್ರಾಯೇಲರು ಐಗುಪ್ತ (ಈಜಿಪ್ಟ್) ಬಿಟ್ಟು ಅರಣ್ಯದಲ್ಲಿ ನಡೆಯುವಾಗ ದೇವರು ಹಗಲು ಮೇಘಸ್ತಂಭವಾಗಿ, ರಾತ್ರಿ ಅಗ್ನಿಸ್ತಂಭವಾಗಿ ಮುಂದೆ ನಡೆದ ಅಂತ ಬೈಬಲಿನ ವಿಮೋಚನಕಾಂಡದಲ್ಲಿ ಬರ್ತದಲ್ಲ, ಅದು. ಹಾಗಾಗಿ ಇದು ದೇವರು ಸಿಕ್ಕಿದ ಅಂತ ಸಂಭ್ರಮ ಪಡುವ ಹಾಡಲ್ಲ. ಇನ್ನೂ ಸಿಗದವನು, ಕತ್ತಲೆಯಲ್ಲಿ ಒಂದು ಹೆಜ್ಜೆಗೆ ಆಗುವಷ್ಟು ಬೆಳಕು ಕೊಡು ಅಂತ ಕೇಳುವ ಹಾಡು. ನ್ಯೂಮನ್ನರ ಹುಡುಕಾಟ ಆಮೇಲೂ 12 ವರ್ಷ ನಡೆಯಿತು. 1845ರಲ್ಲಿ ಅವರು ಕಥೋಲಿಕರಾದರು. 1879ರಲ್ಲಿ ಕಾರ್ಡಿನಲ್, 2019ರಲ್ಲಿ ಸಂತ. ಅವರ ಮೇಲೆ ಮುನಿಸಿಕೊಂಡ ಪ್ರೊಟೆಸ್ಟೆಂಟರೂ ಈ ಹಾಡನ್ನು ಮಾತ್ರ ಬಿಡಲಿಲ್ಲ. ನಮ್ಮ ಕಡೆಯ ಹಳೇ ಇಂಗ್ಲಿಷ್ ಸ್ತೋತ್ರ ಪುಸ್ತಕಗಳಲ್ಲೂ ಇದೆ.

ಈಗ ಟ್ಯೂನಿಗೆ ಬರುವ. ಇಂಗ್ಲಿಷ್ ಸ್ತೋತ್ರ ಪುಸ್ತಕದಲ್ಲಿ ಹಾಡಿಗೆ ಒಂದು ಹೆಸರು, ಟ್ಯೂನಿಗೆ ಬೇರೆಯೇ ಒಂದು ಹೆಸರು. ಪಕ್ಕದಲ್ಲಿ ಅಕ್ಷರಗಳ ಲೆಕ್ಕವೂ ಇರ್ತದೆ. ಇದಕ್ಕೆ 10, 4, 10, 4, 10, 10. ಆ ಲೆಕ್ಕಕ್ಕೆ ಹೊಂದುವ ಯಾವ ಟ್ಯೂನನ್ನಾದರೂ ಹಾಕಬಹುದು. ನಮ್ಮ ಹಳೇ ನಾಟಕದ, ಭಜನೆಯ ಪುಸ್ತಕಗಳಲ್ಲಿ 'ಇಂಥ ಹಾಡಿನ ಮಟ್ಟು' ಅಂತ ಮೇಲೆ ಅಚ್ಚು ಹಾಕ್ತಿದ್ದರಲ್ಲ, ಹಾಗೇ. ಟೀಚರಿಗೆ ಮೂರು ಟ್ಯೂನ್ ಸಿಕ್ಕಿದ್ದು ಇದೇ ಕಾರಣಕ್ಕೆ. ಅವು ಬಹುಶಃ ಸ್ಯಾಂಡನ್, ಲಕ್ಸ್ ಬೆನಿಗ್ನಾ, ಆಲ್ಬರ್ಟಾ.

ಸ್ಯಾಂಡನ್ ಹಳೆಯದು, ಚಾರ್ಲ್ಸ್ ಹೆನ್ರಿ ಪರ್ಡೆ ಅವರದು, 1860ರಲ್ಲಿ ಅಚ್ಚಾದದ್ದು. ಆಲ್ಬರ್ಟಾ 20ನೇ ಶತಮಾನದ್ದು, ವಿಲಿಯಂ ಹ್ಯಾರಿಸ್ ಅವರದು, ಹೆಸರು ಕೆನಡಾದ ಪ್ರಾಂತ್ಯದ್ದು. ಇವೆರಡನ್ನು ಇಲ್ಲಿಗೇ ಬಿಡ್ತೇನೆ. ನನಗೆ ಮಾತಾಡಲಿಕ್ಕಿರುವುದು ಲಕ್ಸ್ ಬೆನಿಗ್ನಾ ಬಗ್ಗೆ.

ಅದನ್ನು ಮಾಡಿದವರು ಜಾನ್ ಬ್ಯಾಕಸ್ ಡೈಕ್ಸ್. 1823ರಲ್ಲಿ ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ ಹುಟ್ಟಿದವರು. ಅಜ್ಜ ಅಲ್ಲಿಯ ಚರ್ಚಿನ ಪಾದ್ರಿ. ಹತ್ತು ವರ್ಷದ ಹುಡುಗನಿಗೇ ಅಜ್ಜನ ಚರ್ಚಿನಲ್ಲಿ ಆರ್ಗನ್ ಬಾರಿಸುವ ಕೆಲಸ. ಕೇಂಬ್ರಿಜ್ ಓದು ಮುಗಿಸಿ ಅವರೂ ಪಾದ್ರಿಯಾದರು. 1849ರಲ್ಲಿ ಡರ್ಹಮ್ ಕೆಥೆಡ್ರಲ್ಲಿನ ಸಂಗೀತ ನೋಡಿಕೊಳ್ಳುವ ಹುದ್ದೆ ಸಿಕ್ಕಿತು, 1862ರಿಂದ ಅದೇ ಊರಿನ ಸೇಂಟ್ ಆಸ್ವಾಲ್ಡ್ ಚರ್ಚಿನ ಪಾದ್ರಿ. ಸುಮಾರು 300 ಟ್ಯೂನ್ ಮಾಡಿದ್ದಾರೆ. ಕ್ರೈಸ್ತರಲ್ಲದವರೂ ಕಾನ್ವೆಂಟ್ ಶಾಲೆಗೆ ಹೋಗಿದ್ದರೆ 'ಹೋಲಿ ಹೋಲಿ ಹೋಲಿ' ಕೇಳಿರ್ತಾರೆ, ಅದೂ ಇವರದೇ. ಸಮುದ್ರದಲ್ಲಿರುವವರಿಗಾಗಿ ಹಾಡುವ 'ಇಟರ್ನಲ್ ಫಾದರ್' ಕೂಡ.

1865ರ ಆಗಸ್ಟಿನಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ನಡೆದು ಹೋಗುವಾಗ ಈ ಟ್ಯೂನ್ ಅವರಿಗೆ ಹೊಳೆಯಿತು ಅಂತ ಸ್ತೋತ್ರಗಳ ಕಥೆ ಬರೆಯುವವರೆಲ್ಲ ಹೇಳ್ತಾರೆ. ಕುದುರೆ ಗಾಡಿ, ಜನಜಂಗುಳಿ, ಗಲಾಟೆ. ಅಂಥ ಬೀದಿಯಲ್ಲಿ ಇಷ್ಟು ನಿಧಾನದ ಟ್ಯೂನ್! ನನಗೆ ಈ ಕಥೆ ಇಷ್ಟ. ಮೊದಲು ಅಚ್ಚಾದದ್ದು 1867ರಲ್ಲಿ, ಮರುವರ್ಷ 'ಹಿಮ್ಸ್ ಏನ್ಶಂಟ್ ಅಂಡ್ ಮಾಡರ್ನ್' ಪುಸ್ತಕದ ಪುರವಣಿಗೆ ಸೇರಿತು. ಆಮೇಲೆ ಊರೂರಿಗೆ ಹಬ್ಬಿತು. ಅಲ್ಲಿಯವರೆಗೆ ಪದ್ಯಕ್ಕೆ 30 ವರ್ಷ ದಾಟಿತ್ತು.

ಇದರ ಬಗ್ಗೆ ನ್ಯೂಮನ್ ಏನು ಹೇಳಿದರು ಗೊತ್ತುಂಟಾ? ಮುದುಕರಾದ ಮೇಲೆ ಯಾರೋ ಹಾಡಿನ ಖ್ಯಾತಿಯನ್ನು ಹೊಗಳಿದಾಗ, ಜನ ಮೆಚ್ಚಿದ್ದು ಪದ್ಯವನ್ನಲ್ಲ, ಟ್ಯೂನನ್ನು, ಡಾಕ್ಟರ್ ಡೈಕ್ಸ್ ದೊಡ್ಡ ಉಸ್ತಾದ್ ಅನ್ನುವ ಅರ್ಥದ ಮಾತು ಹೇಳಿದರಂತೆ. ಇದು ಸುಮ್ನೆ ವಿನಯದ ಮಾತಲ್ಲ. ನ್ಯೂಮನ್ ಸ್ವತಃ ಪಿಟೀಲು ಬಾರಿಸ್ತಿದ್ದವರು, ಸಂಗೀತದ ಕಿವಿ ಇದ್ದವರು.

ನಾನೂ ಬಾರಿಸಿ ನೋಡಿದವನೇ ಅಲ್ವಾ, ಅವರ ಮಾತನ್ನು ಒಪ್ಪುತ್ತೇನೆ. ಡೈಕ್ಸ್ ಟ್ಯೂನಿನಲ್ಲಿ ಆ ನಾಲ್ಕಕ್ಷರದ ಗಿಡ್ಡ ಸಾಲು ಬರುವಾಗ ಸಭೆ ತಾನಾಗಿ ನಿಧಾನ ಆಗ್ತದೆ. ಹಾರ್ಮೋನಿಯಂ ಬಾರಿಸುವವನು ಏನೂ ಮಾಡಬೇಕಿಲ್ಲ, ಗಾಳಿ ಬಿಡ್ತಾ ಇದ್ದರೆ ಸಾಕು. ಹಾಡಲು ಬಾರದವರೂ ಅಲ್ಲಿ ಸೇರಿಕೊಳ್ತಾರೆ. ಈಗಿನ ಸಂಗೀತ ಪಂಡಿತರಿಗೆ ಡೈಕ್ಸ್ ಅಂದ್ರೆ ಅಷ್ಟಕ್ಕಷ್ಟೆ. ಬೆಣ್ಣೆ ಜಾಸ್ತಿ, ಕಣ್ಣೀರು ಜಾಸ್ತಿ ಅಂತ ದೂರು. ಇರಲಿ. ಮಣ್ಣು ಮಾಡಲು ಹೋದ ಮನೆಗಳಲ್ಲಿ ಜನ ಕೇಳುವುದು ಈ ಕಣ್ಣೀರಿನ ಟ್ಯೂನನ್ನೇ, ಪಂಡಿತರ ಟ್ಯೂನನ್ನಲ್ಲ.

ಆ ಮನುಷ್ಯನ ಕೊನೆಗಾಲ ಮಾತ್ರ ಕಷ್ಟದ್ದು. ಆಂಗ್ಲಿಕನ್ ಚರ್ಚಿಗೆ ಹಳೇ ಸಂಪ್ರದಾಯ ವಾಪಸ್ ತರಬೇಕು ಅಂತ ನ್ಯೂಮನ್ ಮತ್ತು ಅವರ ಗೆಳೆಯರು ಆಕ್ಸ್‌ಫರ್ಡಿನಲ್ಲಿ ಶುರು ಮಾಡಿದ ಚಳವಳಿಯ ಗಾಳಿ ಡೈಕ್ಸರಿಗೂ ತಗಲಿತ್ತು. ಪೂಜಾ ವಿಧಿ, ಧೂಪ, ಬಣ್ಣದ ಉತ್ತರೀಯ ಅಂದರೆ ಪ್ರೀತಿ. ಡರ್ಹಮಿನ ಬಿಷಪ್ ಬೇರಿಂಗ್ ಅವರಿಗೆ ಇದು ಆಗಿಬರುತ್ತಿರಲಿಲ್ಲ. ಧೂಪ ಹಾಕುವುದಿಲ್ಲ, ಬಣ್ಣದ ಉತ್ತರೀಯ ತೊಡುವುದಿಲ್ಲ, ಸಭೆಗೆ ಬೆನ್ನು ಹಾಕಿ ನಿಲ್ಲುವುದಿಲ್ಲ ಅಂತ ಮಾತು ಕೊಡದೆ ಸಹಾಯಕ ಪಾದ್ರಿಗೆ ಲೈಸನ್ಸ್ ಕೊಡುವುದಿಲ್ಲ ಅಂದರು. ಡೈಕ್ಸ್ ಕೋರ್ಟಿಗೆ ಹೋದರು. 1874ರಲ್ಲಿ ಸೋತರು. ದೊಡ್ಡ ಸಭೆಯ ಕೆಲಸವನ್ನೆಲ್ಲ ಒಬ್ಬರೇ ಹೊತ್ತು ದೇಹ, ಮನಸ್ಸು ಎರಡೂ ಕುಸಿದವು. 1876ರ ಜನವರಿಯಲ್ಲಿ ತೀರಿಕೊಂಡರು, 52 ವರ್ಷ.

ಟೀಚರ್, ಇನ್ನೊಂದು ಕಿವಿಮಾತು. ಕೊನೆಯ ಚರಣದಲ್ಲಿ ದೇವದೂತರ ನಗುಮುಖಗಳು ಬರ್ತವಲ್ಲ, ಅವು ಯಾರ ಮುಖ ಅಂತ ಮಕ್ಕಳು ಕೇಳಿದರೆ ಹೆದರಬೇಡಿ. 1879ರಲ್ಲಿ ಒಬ್ಬರು ನ್ಯೂಮನ್ನರನ್ನೇ ಕಾಗದ ಬರೆದು ಕೇಳಿದ್ದರು. ಸುಮಾರು 50 ವರ್ಷದ ಹಿಂದೆ ಬರೆದದ್ದರ ಅರ್ಥ ನೆನಪಿಟ್ಟುಕೊಳ್ಳುವ ಬಾಧ್ಯತೆ ನನಗಿಲ್ಲ ಅನ್ನುವ ಧಾಟಿಯ ಉತ್ತರ ಬಂತು.

ಉತ್ತರ: ಎಲ್ಲಾ ಗೊತ್ತಪ್ಪ

ಇದು ಟೈಟಾನಿಕ್ ಮುಳುಗುವಾಗ ಬಾರಿಸಿದ ಹಾಡಲ್ವಾ? ಅದರ ಟ್ಯೂನೇ ಒರಿಜಿನಲ್.

ಉತ್ತರ: ಹಳೇ ಪೆಡಲ್ ಹಾರ್ಮೋನಿಯಂ, ಮಂಗಳೂರು

ಅಲ್ಲ ಮಾರಾಯ್ರೆ. ಟೈಟಾನಿಕ್ ಕಥೆಯಲ್ಲಿ ಬ್ಯಾಂಡಿನವರ ಹೆಸರಿನ ಜೊತೆ ಬರುವುದು 'ನಿಯರರ್ ಮೈ ಗಾಡ್ ಟು ದೀ'. ಅದು ಬೇರೆ ಹಾಡು, ಬರೆದವರು ಸಾರಾ ಫ್ಲವರ್ ಆಡಮ್ಸ್. ತಮಾಷೆ ಏನಂದ್ರೆ ಅದಕ್ಕೂ ಮೂರು ಟ್ಯೂನ್ ಉಂಟು, ಅದರಲ್ಲಿ ಒಂದು ಇದೇ ಡೈಕ್ಸರದು, ಹಾರ್ಬರಿ ಅಂತ ಹೆಸರು. ಹಡಗಿನಲ್ಲಿ ಬಾರಿಸಿದ್ದು ಯಾವುದು ಅಂತ ಜನ ಇನ್ನೂ ಜಗಳಾಡ್ತಾ ಇದ್ದಾರೆ. ಆ ಜಗಳ ಇಲ್ಲಿ ಬೇಡ.

ಉತ್ತರ: ಹಾಸನದವ, ಸದ್ಯ ಡರ್ಹಮ್

ಡರ್ಹಮ್ ಹೆಸರು ನೋಡಿ ಕುತ್ತಿಗೆ ಚಾಚಿದೆ. ಕೆಲಸದ ಮೇಲೆ ಇಲ್ಲಿ ಬಂದು ಸೇರಿಕೊಂಡಿದ್ದೇನೆ. ಸೇಂಟ್ ಆಸ್ವಾಲ್ಡ್ ಚರ್ಚ್ ನಾನು ನಡೆದು ಹೋಗುವ ದಾರಿಯಲ್ಲೇ ಸಿಗುತ್ತದೆ. ಡೈಕ್ಸರ ಸಮಾಧಿಯೂ ಅಲ್ಲೇ. ಹಳೇ ಸ್ಮಶಾನ ತುಂಬಿ ಜಾಗ ಸಾಲದೆ ಹೋದಾಗ ಹೆಚ್ಚುವರಿ ಜಾಗ ತೆಗೆಸಿಕೊಟ್ಟವರೇ ಡೈಕ್ಸ್. ಅವರನ್ನೂ ಅಲ್ಲೇ ಮಣ್ಣು ಮಾಡಿದರು. ಈಗ ಅದು ಮಕ್ಕಳ ಆಟದ ಜಾಗ! ಗುರುತು ಉಳಿದಿರುವ ಸಮಾಧಿ ಅವರದೊಂದೇ. ನಮ್ಮ ಮಗಳು ಅಲ್ಲಿಗೆ ಹೋದರೆ ನೇರ ಉಯ್ಯಾಲೆಗೆ ಓಡುತ್ತಾಳೆ.

ಹಾರ್ಮೋನಿಯಂ ಅಂಕಲ್ ಸ್ಯಾಂಡನ್ ಟ್ಯೂನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ಈ ಸೀಮೆಯ ಗಣಿ ಕೆಲಸಗಾರರ ಟ್ಯೂನ್ ಅದು. ಇಲ್ಲಿಂದ ಹೆಚ್ಚು ದೂರವಿಲ್ಲದ ಸ್ಟ್ಯಾನ್ಲಿ ಅನ್ನುವ ಊರಿನಲ್ಲಿ ಕಲ್ಲಿದ್ದಲ ಗಣಿ ಇತ್ತು. 1909ರ ಫೆಬ್ರವರಿ 16ರಂದು ಒಳಗೆ ಸ್ಫೋಟವಾಗಿ 168 ಮಂದಿ ಸತ್ತರು, ಗಂಡಸರು, ಹುಡುಗರು. ಒಂದು ಕಡೆ ಸ್ವಲ್ಪ ಒಳ್ಳೆ ಗಾಳಿ ಉಳಿದಿತ್ತು. ಅಲ್ಲಿ 30 ಚಿಲ್ಲರೆ ಜನ ಗುಂಪುಗೂಡಿದರು. ಕೆಲವರು ದಿಗಿಲುಬಿದ್ದು ಹೊರಗೆ ಓಡಿ ವಿಷಗಾಳಿಗೆ ಸತ್ತರು. ಉಳಿದವರು ಕತ್ತಲಲ್ಲಿ ಕೂತಿದ್ದಾಗ ಒಬ್ಬ ಈ ಹಾಡನ್ನು ಗುನುಗಿದನಂತೆ, ಎಲ್ಲರೂ ದನಿಗೂಡಿಸಿದರಂತೆ. ಸುಮಾರು 14 ಗಂಟೆ ಕಾದ ಮೇಲೆ ಅವರಲ್ಲಿ 26 ಜನರನ್ನು ಮೇಲೆತ್ತಿದರು. ಅವರು ಹಾಡಿದ್ದು ಸ್ಯಾಂಡನ್ ಇರಬೇಕು ಅಂತಲೇ ಇಲ್ಲಿಯವರು ಹೇಳುವುದು. ಡೈಕ್ಸ್ ಇದೇ ಜಿಲ್ಲೆಯ ಪಾದ್ರಿ, ಆದರೂ ಗಣಿಯವರ ಬಾಯಲ್ಲಿ ಇದ್ದದ್ದು ಪರ್ಡೆಯ ಟ್ಯೂನ್.

ಹಾಗಾಗಿ ಟ್ಯೂನಿಂದಲೇ ಹಾಡು ಗೆದ್ದಿತು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಣಿಯೊಳಗೆ ಕೂತವನಿಗೆ ಬೇಕಾಗಿದ್ದು 'ಇರುಳು ಕತ್ತಲೆಯ ಗವಿ' ಅನ್ನುವ ಮಾತೇ.

ಉತ್ತರ: ಹಳೇ ಪೆಡಲ್ ಹಾರ್ಮೋನಿಯಂ, ಮಂಗಳೂರು

ತಮ್ಮಾ, ಗಣಿಯ ಕಥೆಗೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೆ ಒಂದು ನೋಡು. ಟ್ಯೂನ್ ಇಲ್ಲದಿದ್ದರೆ ಆ ಮಾತು ಗಣಿಯವರ ಬಾಯಿಗೆ ಬರುತ್ತಿತ್ತಾ? ಅವರು ಕವನ ಸಂಕಲನ ಓದಿ ಕಲಿತವರಲ್ಲ, ಚಾಪೆಲಿನಲ್ಲಿ ಹಾಡಿ ಕಲಿತವರು. ಡೈಕ್ಸೋ ಪರ್ಡೆಯೋ, ಬಾಯಿಗೆ ಕೂರಿಸಲಿಕ್ಕೆ ಒಬ್ಬ ಬೇಕೇ ಬೇಕು.

ತುರುವೇಕೆರೆ ಟೀಚರ್

ಅಬ್ಬಾ, ಒಂದು ಟ್ಯೂನ್ ಕೇಳಿದರೆ ಇಷ್ಟೆಲ್ಲ ಸಿಕ್ಕಿತು. ಅಂಕಲ್, ತುಂಬಾ ಥ್ಯಾಂಕ್ಸ್. ಕಾರ್ಯಕ್ರಮ ಗಾಂಧಿ ಜಯಂತಿಯದು ಅಲ್ವಾ, ಹಾಡಿಗೂ ಗಾಂಧೀಜಿಗೂ ಇರುವ ನಂಟಿನ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಬೇಕು. 'ಅವರಿಗೆ ಇಷ್ಟದ ಹಾಡು' ಅಂತಷ್ಟೇ ಎಲ್ಲ ಕಡೆ ಬರೆದಿದ್ದಾರೆ.

ಉತ್ತರ: ಹಳೇ ಪೆಡಲ್ ಹಾರ್ಮೋನಿಯಂ, ಮಂಗಳೂರು

ಇದು ಹೇಳಿ. 1908ರ ಫೆಬ್ರವರಿ 10, ಜೋಹಾನ್ಸ್‌ಬರ್ಗ್. ಅಲ್ಲಿಯ ಭಾರತೀಯರ ನೋಂದಣಿ ವಿಷಯದಲ್ಲಿ ಗಾಂಧೀಜಿ ಸರ್ಕಾರದ ಜೊತೆ ರಾಜಿ ಮಾಡಿಕೊಂಡರು ಅಂತ ಸಿಟ್ಟಾದ ಮೀರ್ ಆಲಂ ಮತ್ತು ಅವನ ಜೊತೆಯವರು ನಡುಬೀದಿಯಲ್ಲಿ ಹೊಡೆದು ಕೆಡವಿದರು. ಬ್ಯಾಪ್ಟಿಸ್ಟ್ ಪಾದ್ರಿ ಜೋಸೆಫ್ ಡೋಕ್ ತಮ್ಮ ಮನೆಗೆ ಕರಕೊಂಡು ಹೋಗಿ ಆರೈಕೆ ಮಾಡಿದರು. ತುಟಿಗೆ ಹೊಲಿಗೆ, ಮಾತಾಡುವ ಹಾಗಿಲ್ಲ. ಡೋಕರ ಪುಟ್ಟ ಮಗಳು ಆಲಿವ್ ಹತ್ತಿರ ಈ ಹಾಡು ಹಾಡಿಸು ಅಂತ ಅವಳ ಅಪ್ಪನಿಗೆ ಗಾಂಧೀಜಿ ಬರೆದು ತಿಳಿಸಿದರು. ಆ ಹುಡುಗಿ ಬಾಗಿಲ ಬಳಿ ನಿಂತು ಮೆಲ್ಲಗೆ ಹಾಡಿದಳು. 'ದಕ್ಷಿಣ ಆಫ್ರಿಕಾದ ಸತ್ಯಾಗ್ರಹ' ಪುಸ್ತಕದಲ್ಲಿ ಅವರೇ ಇದನ್ನು ನೆನೆಸಿಕೊಂಡಿದ್ದಾರೆ. ಆಮೇಲೆ ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ಪದ್ಯ 'ಪ್ರೇಮಳ ಜ್ಯೋತಿ' ಆಶ್ರಮದ ಪ್ರಾರ್ಥನೆಗೆ ಸೇರಿತು. ಮುಂದಿನ ಒಂದು ಹೆಜ್ಜೆ ಕಂಡರೆ ಸಾಕು ಅನ್ನುವ ಸಾಲನ್ನಂತೂ ಗಾಂಧೀಜಿ ಆಗಾಗ ಹೇಳ್ತಿದ್ದರು.

ಇನ್ನು ನಿಮ್ಮ ಹೆಡ್‌ಮಾಸ್ಟರ್ ಸಮಸ್ಯೆ. ಮೈಸೂರಿನವರು ಹೇಳಿದ್ದು ಸರಿ, ಕನ್ನಡವನ್ನು ಡೈಕ್ಸ್ ಟ್ಯೂನಿಗೆ ಎಳೀಬೇಡಿ. ಇಂಗ್ಲಿಷಿನ ಮೊದಲ ಚರಣ ಮಾತ್ರ ಲಕ್ಸ್ ಬೆನಿಗ್ನಾದಲ್ಲಿ ಹಾಡಿಸಿ. ನಾಲ್ಕು ದನಿಯ ಗೋಜಿಗೆ ಹೋಗಬೇಡಿ, ಮೇಲಿನ ದನಿ ಒಂದೇ ಸಾಕು. ಪುಸ್ತಕದಲ್ಲಿ ಬರೆದ ಶ್ರುತಿ ಮಕ್ಕಳಿಗೆ ಎತ್ತರ ಅನ್ನಿಸಿದರೆ ಇಳಿಸಿಕೊಳ್ಳಿ, ಯಾರೂ ಜೈಲಿಗೆ ಹಾಕುವುದಿಲ್ಲ. ಗಿಡ್ಡ ಸಾಲಿನ ಕೊನೆಯಲ್ಲಿ ಪೂರ್ತಿ ಉಸಿರು ತೆಗೆದುಕೊಳ್ಳಲು ಬಿಡಿ, ಅವಸರ ಮಾಡಿದರೆ ಡೈಕ್ಸ್ ಕೆಟ್ಟ. ಅದು ಮುಗಿದ ಮೇಲೆ ಷಡ್ಜ ಹಿಡಿದು, ಕನ್ನಡ ಪದ್ಯ ಪೂರ್ತಿಯಾಗಿ ನಿಮ್ಮದೇ ರಾಗದಲ್ಲಿ. ಒಂದೊಂದು ಚರಣಕ್ಕೂ ಭಾಷೆ ಬದಲಿಸುವುದು ಬೇಡ, ತಾಳ ಹಾಕುವ ಹುಡುಗ ಅಲ್ಲೇ ಬೀಳ್ತಾನೆ.

ಉತ್ತರ: ಖಂಡಛಾಪು, ಮೈಸೂರು

ಸರಿಯಾದ ಮಾತು ಅಂಕಲ್. ಮೇಡಂ, ಎರಡಕ್ಕೂ ಒಂದೇ ಆಧಾರ ಶ್ರುತಿ ಇರಲಿ, ಆಗ ಮಧ್ಯೆ ತಡವರಿಸುವುದಿಲ್ಲ. ಮೋಹನ ರಾಗದಲ್ಲಿ ಒಂದು ಸರಳ ಸಂಯೋಜನೆ ನಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಬೇಕಾದರೆ ಹಾಡಿ ಕಳಿಸುತ್ತೇನೆ.

ತುರುವೇಕೆರೆ ಟೀಚರ್

ಕಳಿಸಿ ಮೇಡಂ, ದಯವಿಟ್ಟು. ನಮ್ಮ ಹುಡುಗಿಯರಿಗೆ ಐದು ಮನೆ ಶ್ರುತಿ ಆರಾಮಾಗಿ ಆಗುತ್ತದೆ. ಹುಡುಗರದು ದನಿ ಒಡೆಯುವ ವಯಸ್ಸು, ಅವರಿಗೆ ತಾಳ ಕೊಟ್ಟು ಕೂರಿಸುತ್ತೇನೆ. ಹೆಡ್‌ಮಾಸ್ಟರ್ ಒಪ್ಪಿದರು, ಆದರೆ ಹಾಡು ಶುರು ಮಾಡುವ ಮುಂಚೆ ಕಿತ್ತಳೆ ಹಡಗಿನ ಕಥೆ ಮೈಕಿನಲ್ಲಿ ಅವರೇ ಹೇಳುತ್ತಾರಂತೆ. ಐದು ನಿಮಿಷದಲ್ಲಿ ಮುಗಿಸಿದರೆ ಪುಣ್ಯ.